ಆಕಾಶದ ಎಳೆ, ಮಾರಣ್ಣನ ಮಗ್ಗ

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಮಾರಣ್ಣನ ಮಗ್ಗ ಯುಗಾದಿಯಿಂದ ನಿಂತಿತ್ತು. ಬೇರೆ ಬಣ್ಣದ ಅಂಚಿನ ರೇಷ್ಮೆ ಸೀರೆಗೆ ಇಬ್ಬರು ಬೇಕು. ಆತ ಒಡಲು ನೇಯುವಾಗ ಹೆಂಡತಿ ಚಿಕ್ಕಕ್ಕ ಪಕ್ಕದಲ್ಲಿ ಕುಳಿತು ಅಂಚಿನ ಲಾಳಿ ಎಸೆಯುತ್ತಿದ್ದಳು. ಜೀವಮಾನವೆಲ್ಲ ಪರರಿಗೆ ನೇಯ್ದವರು ಮೊದಲ ಸಲ ಆಕೆಗೆಂದೇ ಒಂದು ಸೀರೆಗೆ ಉದ್ದೆಳೆಗಳ ಹಾಸು ಹೂಡಿದ್ದರು. ಅದು ಅರ್ಧವಾಗಿದ್ದಾಗ ಆಕೆ ತೀರಿಕೊಂಡಳು. ಆ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಮಾರಣ್ಣನಿಗೆ ಮನಸ್ಸಿರಲಿಲ್ಲ. ಸೀರೆಯನ್ನು ಕತ್ತರಿಸಿ ತೆಗೆಯಲೂ ಕೈ ಬರಲಿಲ್ಲ.

ಸಂಜೆ ನನ್ನ ಜಗಲಿಗೆ ಬಂದು ಸುಮ್ಮನೆ ಕೂರುತ್ತಿದ್ದ. ನಾನು ಚಳ್ಳಕೆರೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಪತ್ರಿಕೆಯನ್ನು ಯಾರಿಗಾದರೂ ಓದಿ ಹೇಳದಿದ್ದರೆ ಸಮಾಧಾನವಿಲ್ಲ. ಒಂದು ದಿನ ಅದರಲ್ಲಿ ಆಕಾಶಗಂಗೆಯ ನಡುಭಾಗದ ಚಿತ್ರ ಬಂದಿತ್ತು. ರೇಡಿಯೋ ದೂರದರ್ಶಕ ಹಿಡಿದ ಚಿತ್ರ. ಅದರ ತುಂಬ ಉದ್ದುದ್ದ ಎಳೆಗಳು.

“ಇದ್ಯಾರ ಮಗ್ಗ ಮೇಷ್ಟ್ರೇ? ಹಾಸು ಸಡ್ಲ ಬಿಟ್ಟವ್ನೆ.”

ನಗು ಬಂತು. “ಅಲ್ಲಿ ಕಾಂತಬಲದ ಗೆರೆಗಳಿವೆ ಮಾರಣ್ಣ. ಎಲೆಕ್ಟ್ರಾನ್ ಅನ್ನೋ ವಿದ್ಯುತ್ ಕಣಗಳು ಹತ್ತಿರ ಹತ್ತಿರ ಬೆಳಕಿನ ವೇಗದಲ್ಲಿ ಅವನ್ನ ಸುತ್ತಿಕೊಂಡು ಓಡ್ತವೆ.”

“ರೇಷ್ಮೆ ಎಳೆಗೆ ಜರಿ ಸುತ್ತಿದಂಗೆ.”

“ಜರಿ ಸುತ್ತಿದಲ್ಲೇ ಇರುತ್ತೆ, ಇವು ಓಡ್ತಾನೇ ಇರ್ತವೆ. ಒಂದೇ ಸಮ ನೆಟ್ಟಗೆ ಓಡಿದ್ರೆ ಏನೂ ಹೊಮ್ಮಲ್ಲ. ಕಾಂತಬಲ ದಾರಿ ತಿರುಗಿಸ್ತಾ ಇರೋದಕ್ಕೇ ರೇಡಿಯೋ ಅಲೆ ಹೊಮ್ಮುತ್ತೆ. ಹೊಮ್ಮಿದಷ್ಟೂ ಕಣದ ಶಕ್ತಿ ಕುಂದುತ್ತೆ.”

“ಅವು ಈಗ್ಲೂ ಅಲ್ಲೇ ಅವೇನ್ರಿ?”

“ಆ ಅಲೆ ನಮ್ಮನ್ನ ಮುಟ್ಟೋಕೆ ಇಪ್ಪತ್ತಾರು ಸಾವಿರ ವರ್ಷ ಬೇಕು. ಈಗ ಎಲ್ಲಿವೆಯೋ, ಎಷ್ಟು ಸೋತಿವೆಯೋ.”

ಮಾರಣ್ಣ ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡ. “ತಿರುಗ್ಸೋರು ಇಲ್ದಿದ್ರೆ ಏನೂ ಇಲ್ಲ ಅನ್ರಿ. ಅವಳು ಹೋದ್ಮೇಲೆ ನಂದೂ ಹಂಗೇ ಒಂದೇ ಸಮ ಆಗೈತೆ. ಬೆಳಿಗ್ಗೆ ಗೋಡೆ ನೋಡ್ಕಂಡು ಕೂರೋದು, ಸಂಜೀಕೆ ನಿಮ್ಮ ಜಗಲಿ.”

ಮರುದಿನ ಪಕ್ಕದ ಮನೆಯ ವನಜಾಕ್ಷಿಯನ್ನು ಕರೆದ. “ಅಂಚಿನ ಲಾಳಿ ಹಿಡೀತೀಯೇನವ್ವಾ?”

“ಎಂದೋ ಕರೀಬೇಕಿತ್ತು ಮಾವ. ನಿನ್ನ ಮುಖ ನೋಡಿ ನಾನಾಗಿ ಕೇಳೋಕೆ ಹೆದ್ರಿಕೆ ಆಗ್ತಿತ್ತು.”

ಸೀರೆ ಮುಗಿಸಿ ಮಗ್ಗದಿಂದ ಇಳಿಸಿದ ದಿನ ನನಗೆ ಹೇಳಿಕಳುಹಿಸಿದ. ಅಂಚಿನ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಲ್ಲಿಸಿದ. “ಇಲ್ಲೀಗಂಟ ಅವಳ ಕೈ ಮೇಷ್ಟ್ರೇ.” ನಾನೂ ಮುಟ್ಟಿ ನೋಡಿದೆ.

ಈಗ ಮಾರಣ್ಣ ಸಂಜೆ ಬರುವುದಿಲ್ಲ. ಮಗ್ಗದ ಮೇಲೆ ಹೊಸ ಹಾಸು ಇದೆ. ಮಗ್ಗದ ಸದ್ದು ನನ್ನ ಜಗಲಿಯವರೆಗೂ ಕೇಳುತ್ತದೆ. ಪತ್ರಿಕೆಯನ್ನು ಮನಸ್ಸಿನಲ್ಲೇ ಓದಿಕೊಂಡು ಮಡಿಸಿಡುತ್ತೇನೆ.