ಚಿಲಕವಿಲ್ಲದ ಮೂಲೆ

ಅಕ್ಕೋರ ಸೆರಗಿನ ಅಂಚಿಗೆ ಯಾವಾಗಲೂ ಒಂದೆರಡು ಪ್ಲಾಸ್ಟಿಕ್ ಕ್ಲಿಪ್ಪು ಕಚ್ಚಿಕೊಂಡಿರುತ್ತಿದ್ದವು, ಒಗೆದ ಬಟ್ಟೆಗೆ ಹಾಕುತ್ತಾರಲ್ಲ, ಅಂಥವು. ಇಳಕಲ್ ಸೀರೆ, ಹಣೆಯ ಮೇಲೆ ಅಗಲ ಕುಂಕುಮ, ಸೆರಗಿಗೆ ಹಳದಿ, ಕೆಂಪು ಕ್ಲಿಪ್ಪು. ನಾರಾಯಣಗೂಡದಿಂದ ಅಬಿಡ್ಸ್‌ವರೆಗೆ ಬಸ್ಸಿನಲ್ಲಿ ಹಾಗೇ ಬಂದುಬಿಡುತ್ತಿದ್ದರು. ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಸೀರೆ ನೋಡಿಯೇ ನಮ್ಮ ಕಡೆಯವರೆಂದು ಗುರುತು ಹಿಡಿದು, "ಅಕ್ಕಾ, ಸೆರಗಿಗೆ ಏನೋ ಸಿಕ್ಕೊಂಡೈತ್ರಿ" ಎಂದೆ.

"ಸಿಕ್ಕೊಂಡಿಲ್ರೀ, ನಾನ ಸಿಗಿಸ್ಕೊಂಡೀನಿ" ಎಂದರು. "ಈ ಹಳದಿ ಹುಡುಗ ಇವತ್ತು ಅಣ್ಣನ ಜೋಡಿ ಹೊಡದಾಡಿ ಬಂದಾನ. ಈ ಕೆಂಪು ಹುಡುಗೀ ಅವ್ವ ಊರಿಗೆ ಹೋಗ್ಯಾಳ."

ಆಮೇಲೆ ಗೊತ್ತಾಯಿತು, ಅವರು ಶಾಲೆಯ ಟೀಚರು. ಅವರ ಕ್ಲಾಸಿನಲ್ಲಿ ಪ್ರತಿ ಮಗುವಿಗೂ ಒಂದೊಂದು ಕ್ಲಿಪ್ಪು. ಕರಿಹಲಗೆಯ ಪಕ್ಕದ ಹಗ್ಗದ ಮೇಲೆ ಅವು ಸಾಲಾಗಿ ಕೂತಿರುತ್ತವೆ. ಯಾರ ಮನಸ್ಸು ಅಂದು ನೆಟ್ಟಗಿಲ್ಲವೋ ಅವರು ತಮ್ಮ ಕ್ಲಿಪ್ಪನ್ನು ತಂದು ಅಕ್ಕೋರ ಸೆರಗಿಗೆ ಹಾಕಬೇಕು. ಯಾಕೆ ಏನು ಎಂದು ಅವರು ಕೇಳುವುದಿಲ್ಲ, ಮಗು ತಾನೇ ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಇವತ್ತು ನನ್ನನ್ನು ಸ್ವಲ್ಪ ಹತ್ತಿರ ಇಟ್ಟುಕೊಳ್ಳಿ ಎಂದಷ್ಟೇ ಅದರ ಅರ್ಥ. ಸಮಾಧಾನವಾದ ಮೇಲೆ ಮಗುವೇ ತೆಗೆದು ಹಗ್ಗಕ್ಕೆ ಹಾಕುತ್ತದೆ. ಸಂಜೆಯ ತನಕ ತೆಗೆಯದಿದ್ದರೆ ಕ್ಲಿಪ್ಪು ಅಕ್ಕೋರ ಜೊತೆ ಮನೆಗೆ ಹೋಗುತ್ತದೆ.

ನನ್ನದು ಫೋಮು ಮತ್ತು ರೆಕ್ಸಿನ್ ಅಂಗಡಿ. ಯಾದಗಿರಿ ಕಡೆಯಿಂದ ಗೌಂಡಿಗಳ ಜೊತೆ ಕಲಸಿದ ಸಿಮೆಂಟು ಹೊರಲು ಬಂದವನು ನಾನು. ಬುಟ್ಟಿ ಬಿಟ್ಟು ಸೂಜಿ ಹಿಡಿದೆ, ಕುರ್ಚಿಗೆ ಗಾದಿ ಹೊಲಿಯುವುದು ಕಲಿತೆ, ಕಲಿಸಿದವರ ಅಂಗಡಿಯನ್ನೇ ಕೊನೆಗೆ ಕೊಂಡುಕೊಂಡೆ. ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಆಫೀಸುಗಳು ಇವತ್ತು ಇಲ್ಲಿ ತೆರೆದು, ನಾಳೆ ಇದರ ಎರಡರಷ್ಟು ಜಾಗಕ್ಕೆ ಹೋಗುತ್ತಿದ್ದವು. ಅವರು ಬಿಟ್ಟುಹೋದ ಕುರ್ಚಿ, ಬಟ್ಟೆ ಹಚ್ಚಿದ ಅಡ್ಡಗೋಡೆಯ ಹಲಗೆ, ಎಲ್ಲ ನನ್ನ ಬಾಗಿಲಿಗೆ. ಹೈದರಾಬಾದಿನಲ್ಲಿ ಎಷ್ಟೋ ದೊಡ್ಡ ದೊಡ್ಡ ಇಂಜಿನಿಯರುಗಳು ಕೂತದ್ದು ನಾನು ಹೊಲಿದ ಗಾದಿಯ ಮೇಲೆ. ಸುಳ್ಳಲ್ಲ.

ನೀವೂ ತಿಳಿದುಕೊಂಡಿರಿ: ಫೋಮು ಕೊಳ್ಳುವಾಗ ಬಣ್ಣ ನೋಡಬೇಡಿ, ಹೆಬ್ಬೆರಳಿನಿಂದ ಒತ್ತಿ ಬಿಡಿ. ಥಟ್ಟನೆ ಮೇಲೆದ್ದರೆ ತೆಗೆದುಕೊಳ್ಳಿ, ಕುಂತೇ ಇದ್ದರೆ ಮುಂದಿನ ಅಂಗಡಿಗೆ ಹೋಗಿ. ಅಕ್ಕೋರು ಅಂದು ನನ್ನೆದುರಿಗೇ ಹಾಗೆ ಒತ್ತಿ ನೋಡಿ, "ಇದು ಮಕ್ಕೊಂಡೈತಿ" ಎಂದು ಪಕ್ಕಕ್ಕಿಟ್ಟರು. ಈ ಹೆಣ್ಣುಮಗಳ ಹತ್ತಿರ ನನ್ನ ಆಟ ನಡೆಯುವುದಿಲ್ಲ ಎಂದು ಅಲ್ಲೇ ತಿಳಿಯಿತು.

ಅವರಿಗೆ ಬೇಕಾಗಿದ್ದದ್ದು ಕತ್ತರಿಸಿ ಉಳಿದ ತುಂಡುಗಳು. ಕ್ಲಾಸಿನಲ್ಲಿ ಕಿವಿಗೆ ಮಶೀನು ಹಾಕಿಕೊಂಡ ಹುಡುಗನೊಬ್ಬನಿದ್ದ, ಕುರ್ಚಿ ಎಳೆದ ಕರ್ಕಶ ಸದ್ದು ಅವನಿಗೆ ಚುಚ್ಚಿದಂತಾಗುತ್ತಿತ್ತು. ಕುರ್ಚಿಗಳ ಕಾಲಿಗೆ ಫೋಮಿನ ಬೂಟು ಹೊಲಿಯಬೇಕಂತೆ. "ತುಂಡಿಗೂ ಗಿರಾಕಿ ಅದಾರ್ರೀ" ಎಂದು ನಾನು ಬಿಗಿ ಹಿಡಿದೆ. ಅಷ್ಟರಲ್ಲಿ ಕಟಿಂಗ್ ಟೇಬಲ್ಲಿನ ಕೆಳಗಿಂದ ಗುಂಯ್ ಎನ್ನುವ ಸದ್ದು ಬಂತು. ನನ್ನ ಮಗಳು. ಎರಡು ಶಾಲೆಯವರು, ಒಂದು ಕಡೆ ಕೂರುವುದಿಲ್ಲ, ಕಿರುಚುತ್ತಾಳೆ, ಗೇಟಿಗೆ ಓಡುತ್ತಾಳೆ ಎಂದು ವಾಪಸ್ ಕಳಿಸಿದ್ದರು. ಹೆಂಡತಿಗೂ ಸಾಕಾಗಿ, ನಾನು ಅಂಗಡಿಗೆ ಕರೆದುಕೊಂಡು ಬರುತ್ತಿದ್ದೆ.

ಅಕ್ಕೋರು ಇಳಕಲ್ ಸೀರೆಯಲ್ಲೇ ನೆಲಕ್ಕೆ ಕೂತು ಟೇಬಲ್ಲಿನ ಕೆಳಗೆ ಸರಿದರು. ಅಲ್ಲೇ ಬಿದ್ದಿದ್ದ ಭಾರದ ರೆಕ್ಸಿನ್ ಸುರುಳಿಯೊಂದನ್ನು ಮಗಳ ತೊಡೆಯ ಮೇಲೆ ಮೆಲ್ಲಗೆ ಇಟ್ಟರು. ಗುಂಯ್ ಸದ್ದು ಇಳಿಯಿತು, ನಿಂತಿತು. ಮಗಳು ಅವರ ಸೆರಗಿನ ಕ್ಲಿಪ್ಪನ್ನು ಒತ್ತಿ ಬಿಡುವುದು, ಒತ್ತಿ ಬಿಡುವುದು ಶುರುಮಾಡಿದಳು.

"ಸಾಹುಕಾರ್ರ," ಕೆಳಗಿನಿಂದಲೇ ಅಂದರು, "ತುಂಡೆಲ್ಲಾ ನನಗ. ಈ ಹುಡುಗಿ ನನ್ನ ಕ್ಲಾಸಿಗೆ. ಆತೇನು?"

ನಾನು ವ್ಯಾಪಾರದವನು. "ತಿರುಗಿ ಕಳಸಂಗಿಲ್ಲ ಅಂತ ಗ್ಯಾರಂಟಿ ಕೊಡ್ತೀರೇನ್ರೀ?"

"ಹುಡುಗ್ರಿಗೆ ಯಾರು ಗ್ಯಾರಂಟಿ ಕೊಡತಾರ? ನಂದು ನಾ ಕೊಡತೀನಿ. ನಾ ಬಿಡಂಗಿಲ್ಲ."

ಅವರ ಶಾಲೆ ಒಂದು ಹಳೆಯ ಮನೆಯಲ್ಲಿತ್ತು. ಆಫೀಸರ ಮಕ್ಕಳು, ಅಂಗಡಿಯವರ ಮಕ್ಕಳು, ಕಟ್ಟಡದ ಕೂಲಿಯವರ ಮಕ್ಕಳು. ತೆಲುಗು, ಉರ್ದು, ಕನ್ನಡ, ಮಾರವಾಡಿ. ಎಲ್ಲರಿಗೂ ತಿಳಿಯಲಿ ಎಂದು ಅಕ್ಕೋರು ಗೋಡೆಗೆ ದಿನದ ಚಿತ್ರಪಟ್ಟಿ ತೂಗಿಬಿಟ್ಟಿದ್ದರು: ಪುಸ್ತಕ, ಲೆಕ್ಕ, ಕಥೆ, ನೀರು, ಆಟ. ಬಾಣದ ಗುರುತು ಯಾವ ಚಿತ್ರದ ಮೇಲಿದೆಯೋ ಈಗ ಆ ಕೆಲಸ. ಬಾಣ ಸರಿಸುವ ಅಧಿಕಾರವನ್ನು ನನ್ನ ಮಗಳಿಗೆ ಕೊಟ್ಟರು. ಮುಂದೇನು ಎಂದು ಗೊತ್ತಿದ್ದರೆ ಅವಳು ಓಡುವುದಿಲ್ಲ ಎಂದು ಅವರ ಅಂದಾಜು. ಇನ್ನೊಂದು ಕಾಯಿದೆಯಿತ್ತು: ಒದರಿದವರಿಗೆ ಬೈಗುಳವಿಲ್ಲ, ಮೊದಲು ನೀರು. ರೆಕ್ಸಿನ್ ಸುರುಳಿಯ ಬದಲು ಹುಣಸೆಬೀಜ ತುಂಬಿದ ತೊಡೆದಿಂಬನ್ನು ನನ್ನಿಂದಲೇ ಹೊಲಿಸಿದರು.

ಖುಷಿಯಾಗಿ ನಾನೂ ಏನಾದರೂ ದೊಡ್ಡದು ಕೊಡಬೇಕೆಂದು, ಆಫೀಸಿನ ನೀಲಿ ಹಲಗೆಗಳಿಂದ ಒಂದು ಪುಟ್ಟ ಕೋಣೆ ಮಾಡಿದೆ. ಗಲಾಟೆ ಮಾಡಿದ ಮಗುವನ್ನು ಕೂಡಿಸಲು. ಬಾಗಿಲು, ಬಾಗಿಲಿಗೆ ಹಿತ್ತಾಳೆಯ ಚಿಲಕ. ಟ್ರಾಲಿ ಆಟೋದಲ್ಲಿ ಹಾಕಿಕೊಂಡು ಹೋಗಿ ಕ್ಲಾಸಿನ ಮೂಲೆಗೆ ನಿಲ್ಲಿಸಿ, ಶಹಬ್ಬಾಸ್ ಎನ್ನುತ್ತಾರೆಂದು ಕಾದೆ. ಅಕ್ಕೋರು ಚಿಲಕ ಹಾಕಿದರು, ತೆಗೆದರು.

"ಚಿಲಕಾ ಭಾಳ ಛಂದ ಐತಿ. ಸ್ಕ್ರೂಡ್ರೈವರ್ ತಂದೀರೇನು?"

"ಯಾಕ್ರೀ, ಸಡಲ ಆಗೇತೇನು?"

"ತೆಗೀರಿ ಅದನ್ನ. ಬಾಗಲಾನೂ ತೆಗೀರಿ."

"ಬಾಗಲಾ ಇಲ್ದಿದ್ರ ಹುಡುಗ್ರು ಹೊರಗ ಬರತಾರಲ್ರೀ!"

"ಬರಲಿ ಅಂತನ ಇಷ್ಟೆಲ್ಲಾ ಮಾಡಾಕತ್ತೀವಿ" ಎಂದು ನಕ್ಕರು. "ಸಿಟ್ಟು ಒಳಗ ಕರಕೊಂಡು ಹೋಗತೈತಿ. ಹೊರಗ ಮಾತ್ರ ತಾವ ಬರಬೇಕು. ಚಿಲಕಾ ಇದ್ರ ನಾವು ತೆಗದಂಗಾತು, ಅವರು ಬಂದಂಗಾಗಲಿಲ್ಲ."

ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಒಳಗೆ ಮಗುವಿನ ಹಾಗೆ ನೆಲಕ್ಕೆ ಕೂಡಿಸಿದರು. "ನಾ ಕಾಣತೀನೇನು?" ಕಾಣುತ್ತಿರಲಿಲ್ಲ. "ಆಫೀಸಿನವರು ಒಬ್ಬರಿಗೊಬ್ಬರು ಕಾಣಬಾರದು ಅಂತ ಮಾಡಿಸ್ಯಾರ. ನನ್ನ ಹುಡುಗ್ರಿಗೆ ನಾ ಕಾಣಬೇಕು. ಕೊಯ್ಯಿರಿ." ಗರಗಸ ತಂದು, ಕೂತ ಮಗುವಿನ ಕಣ್ಣಿನ ಮಟ್ಟಕ್ಕೆ ಹಲಗೆಗಳನ್ನು ಕೊಯ್ದೆ.

ಆ ವರ್ಷ ತೊಂದರೆ ಬಂತು. ಮಾದಾಪುರದ ಕಂಪನಿಯೊಂದರಲ್ಲಿದ್ದ ಒಬ್ಬ ತಂದೆ, ಇಂಥ ಹುಡುಗಿಯ ಜೊತೆ ನನ್ನ ಮಗ ಏನು ಕಲಿತಾನು ಎಂದು ಶಾಲೆಯ ಮಾಲಕರಿಗೆ ಗಂಟುಬಿದ್ದ. ಇನ್ನೂ ಕೆಲವರು ದನಿ ಸೇರಿಸಿದರು. ಮಾಲಕರು ಅಕ್ಕೋರಿಗೆ ಹೇಳಿದರು: ಪಾಲಕರ ದಿನ ಎಲ್ಲರೂ ಬಂದು ಕ್ಲಾಸು ನೋಡಲಿ, ಹುಡುಗಿ ಅಂದು ಕಿರುಚಿ ಓಡಿದರೆ ಟೀಸಿ ಕೊಟ್ಟು ಕಳಿಸಿಬಿಡೋಣ. ಮೂರನೆಯ ಶಾಲೆಯೂ ಹೋದರೆ ಅವಳಿಗೆ ಆ ಟೇಬಲ್ಲಿನ ಕೆಳಗೇ ಗತಿ. "ಅವತ್ತೊಂದಿನ ಆಕೀನ್ನ ಮನ್ಯಾಗ ಇಟ್ಟುಕೊಳ್ಳಲೇನ್ರೀ?" ಎಂದು ಕೇಳಿದೆ.

"ಆಕಿ ಇಲ್ಲಂದ್ರ ಬಾಣ ಯಾರು ಸರಸಬೇಕು?" ಎಂದರು ಅಕ್ಕೋರು.

ಪಾಲಕರೆಲ್ಲ ಗೋಡೆಗೆ ಸಾಲಾಗಿ ನಿಂತಿದ್ದರು. ಕಥೆಯ ಹೊತ್ತು. ಕಥೆ ಅರ್ಧವಾಗುವಷ್ಟರಲ್ಲಿ ಆ ಮನುಷ್ಯ ತೆಲುಗಿನಲ್ಲಿ, ಯಾವಳು ಆ ಹುಡುಗಿ, ಮೊದಲು ತೋರಿಸಿ ಎಂದು ದನಿ ಏರಿಸಿದ. ಮಾಲಕರು ಸಮಾಧಾನ ಹೇಳಹೋದರು, ಅವರ ಮೇಲೂ ಹಾರಿದ. ಬೇರೆಯವರೂ ಸೇರಿ ಸಂತೆಯಾಯಿತು. ಮಗಳ ಕೈ ಕಿವಿಗೆ ಹೋಯಿತು. ಗುಂಯ್ ಶುರುವಾಯಿತು. ಮುಂದೆ ಕಿರುಚುವುದು, ಆಮೇಲೆ ಗೇಟು. ಆ ಸಾಲು ನನಗೆ ಬಾಯಿಪಾಠ. ಹಿಡಿಯಲೆಂದು ಕಾಲು ಎತ್ತಿದೆ. ಅಕ್ಕೋರು ಕಣ್ಣಿನಲ್ಲೇ ತಡೆದರು.

ಮಗಳು ಹಗ್ಗದಿಂದ ತನ್ನ ನೀಲಿ ಕ್ಲಿಪ್ಪು ತೆಗೆದಳು. ಅಕ್ಕೋರ ಸೆರಗಿಗೆ ಹಾಕಿದಳು. ಮೂಲೆಗೆ ಹೋಗಿ ದಿಂಬನ್ನು ತೊಡೆಯ ಮೇಲೆಳೆದು ಕೂತಳು. ಕೊಯ್ದ ಹಲಗೆಯ ಅಂಚಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಅಕ್ಕೋರ ಮೇಲೇ ನೆಟ್ಟ ಕಣ್ಣು. ದೊಡ್ಡವರ ಜಗಳದಲ್ಲಿ ಯಾರೂ ಅವಳನ್ನು ಗಮನಿಸಲಿಲ್ಲ. ಗುಂಯ್ ಸದ್ದು ನಿಂತದ್ದು ಕೇಳಿಸಿದ್ದು ನನಗೆ ಮತ್ತು ಅಕ್ಕೋರಿಗೆ.

ಯಾರೂ ಕರೆಯದೆ ಅವಳು ಹೊರಗೆ ಬಂದಳು. ನೆಟ್ಟಗೆ ಚಿತ್ರಪಟ್ಟಿಯ ಹತ್ತಿರ ಹೋಗಿ ಬಾಣವನ್ನು ಕಥೆಯಿಂದ ನೀರಿಗೆ ಸರಿಸಿದಳು. ಮಕ್ಕಳೆಲ್ಲ ಎದ್ದು ಸ್ಟೀಲ್ ಲೋಟ ಹಿಡಿದು ಸಾಲು ನಿಂತವು. ಬೂಟು ಹಾಕಿದ ಕುರ್ಚಿಗಳು ಸದ್ದೇ ಮಾಡಲಿಲ್ಲ. ಮಗಳು ಮೊದಲ ಲೋಟ ತುಂಬಿ, ಎಲ್ಲರಿಗಿಂತ ಜೋರಾಗಿ ಒದರುತ್ತಿದ್ದವನ ಎದುರಿಗೆ ಹಿಡಿದಳು. ಅವನು ಏನೆಂದು ತಿಳಿಯದೆ ತೆಗೆದುಕೊಂಡು ಕುಡಿದ. ಕುಡಿಯುವಾಗ ಮಾತಾಡಲು ಆಗುವುದಿಲ್ಲವಲ್ಲ. ಕ್ಲಾಸು ತಣ್ಣಗಾಯಿತು. ಅವನ ಮಗನೇ ಕಿಸಕ್ಕನೆ ನಕ್ಕು, ಒದರಿದವರಿಗೇ ಮೊದಲು ನೀರು ಅಪ್ಪಾ ಎಂದು ತೆಲುಗಿನಲ್ಲಿ ಕಾಯಿದೆ ಹೇಳಿದ.

ಅವನು ಲೋಟ ಹಿಂದಕ್ಕೆ ಕೊಟ್ಟು, ಈಗ ಮೆತ್ತಗಿನ ದನಿಯಲ್ಲಿ, ಅದಿರಲಿ, ಆ ಹುಡುಗಿ ಯಾರು ಎಂದು ಕೇಳಿದ.

ಅಕ್ಕೋರು ತೆಲುಗಿನಲ್ಲೇ ಹೇಳಿದರು: "ಈಗ ಯಾರ ಕೈಯಿಂದ ನೀರು ಕುಡಿದಿರೋ, ಅವಳೇ."

ಟೀಸಿಯ ಮಾತು ಅಲ್ಲಿಗೆ ಮುಗಿಯಿತು. ಮಗಳು ಆ ಶಾಲೆಯ ಕೊನೆಯ ಕ್ಲಾಸಿನ ತನಕ ಓದಿದಳು.

ಅಕ್ಕೋರು ರಿಟೈರ್ ಆದ ಮೇಲೂ ಅಂಗಡಿಗೆ ಬಂದು ತುಂಡು ಒತ್ತಿ ನೋಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಬರುವುದು ನಿಂತಿತು. ಸುದ್ದಿ ಕೇಳಿ ನಾರಾಯಣಗೂಡದ ಮನೆಗೆ ಹೋದೆವು. ಅಂಗಳದ ತುಂಬ ಅವರ ಹಳೆಯ ವಿದ್ಯಾರ್ಥಿಗಳು, ಅಳು, ಗದ್ದಲ. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ. ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಮಲಗಿದ್ದ ಅಕ್ಕೋರ ಸೆರಗಿನ ಅಂಚಿಗೆ, ಇಷ್ಟು ವರ್ಷ ಇಟ್ಟುಕೊಂಡಿದ್ದ ತನ್ನ ನೀಲಿ ಕ್ಲಿಪ್ಪು ಸಿಗಿಸಿ ಬಂದಳು. ಯಾರೂ ತೆಗೆಯಲಿಲ್ಲ. ಕ್ಲಿಪ್ಪಿನ ಸಮೇತ ಅಕ್ಕೋರು ಹಾಗೇ ಹೋದರು.

ಈಗ ನಮ್ಮ ಅಂಗಡಿಯ ಅರ್ಧ ಭಾಗ ಶಾಲೆಯ ಸಾಮಾನೇ: ತೊಡೆದಿಂಬು, ಕುರ್ಚಿ ಬೂಟು, ಮೂಲೆ. ಅಳತೆ, ಕಟಿಂಗ್ ಎಲ್ಲ ಮಗಳದು. ಮೊನ್ನೆ ಶಂಶಾಬಾದ್ ಕಡೆಯ ಹೊಸ ಶಾಲೆಯೊಂದರಿಂದ ಇಬ್ಬರು ಬಂದರು, ಕ್ಲಾಸಿಗೊಂದು ಮೂಲೆ ಬೇಕು, ಆದರೆ ಬಾಗಿಲು, ಚಿಲಕ ಇರಬೇಕು ಎಂದರು. ದೊಡ್ಡ ಆರ್ಡರು. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದವನಲ್ಲ ನಾನು. ಆಗಲಿ ಸಾರ್ ಎನ್ನಲು ಬಾಯಿ ತೆರೆದಿದ್ದೆ. ಮಗಳು ಕತ್ತರಿ ಕೆಳಗಿಟ್ಟಳು, ಎರಡು ಲೋಟ ನೀರು ತಂದು ಅವರ ಮುಂದಿಟ್ಟಳು.

"ಬಾಗಿಲು ನಾವು ಹಾಕುವುದಿಲ್ಲ" ಎಂದಳು ತೆಲುಗಿನಲ್ಲಿ. ಅಷ್ಟೇ. ತಿರುಗಿ ಹೋಗಿ ಕತ್ತರಿ ಹಿಡಿದಳು.

ಅವರು ನನ್ನ ಮುಖ ನೋಡಿದರು. ನಾನು ಚಿತ್ರಪಟ್ಟಿಯ ಕಥೆಯಿಂದ ಶುರುಮಾಡಿ ಅಕ್ಕೋರದೆಲ್ಲ ಹೇಳಿದೆ. ನೀರು ಕುಡಿದು ಕೇಳಿದರು, ಒಪ್ಪಿದರು. ಎದ್ದು ನಿಂತು, ಹಾಗಾದರೆ ಬಾಗಿಲಿಲ್ಲ, ಚಿಲಕವಿಲ್ಲ, ಹಲಗೆಯೂ ಗಿಡ್ಡ, ದರ ಇಳಿಸಿ ಎಂದರು.

ನಾನು ಇಳಿಸಲಿಲ್ಲ.