ಗೋಡೆ ನೋಡಿ ಕೊಂಬೆ ಕಡಿಯುತ್ತಿದ್ದ ಮಲಕಾರಿ

ಮಲಕಾರಿಯ ಹೆಸರು ನಾನು ಮೊದಲು ಕೇಳಿದ್ದು ನಮ್ಮ ಕಾಗವಾಡದ ಮನೆಯ ಗೋಡೆ ಬಿರಿದ ಬೇಸಿಗೆಯಲ್ಲಿ. ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರುಕು ಇಳಿದಿತ್ತು. ನನ್ನ ಕಿರುಬೆರಳು ಅದರಲ್ಲಿ ಹೋಗುತ್ತಿತ್ತು. ಹೊರಗೆ ಪಟ್ಟಣ ಪಂಚಾಯತಿಯ ಬೇವಿನ ಮರ. ಅದನ್ನು ಕಡಿಸಿರೆಂದು ಅರ್ಜಿ ಬರೆಸಿ ಕೊಟ್ಟಿದ್ದೆ. ಪಕ್ಕದ ಮನೆಯ ಸುಂದರಾ ಬಂದು, "ದಾವಲಬಿ ಚಾಚಿ, ಗಿಡಾ ನೋಡಾಕ ಮಲಕಾರಿ ಬರತಾನಂತ. ಅಂವ ಲಗೂನ ಕೊಡ್ಲಿ ಎತ್ತೂದಿಲ್ರಿ. ಮೊದಲ ಗ್ವಾಡಿ ಜೋಡಿ ಮಾತಾಡತಾನಂತ," ಎಂದಳು.

"ಪಂಚಾಯತಿಯವರು ಹುಚ್ಚನ್ನ ಕಳಸಾಕತ್ತಾರೇನ?" ಎಂದೆ.

ಬಂದವನು ಐವತ್ತು ದಾಟಿದ ಒಣಕಲು ಮನುಷ್ಯ. ಮರದ ಕಡೆ ತಿರುಗಿಯೂ ನೋಡಲಿಲ್ಲ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಮೆತ್ತಿದ. "ಇದು ಒಡೀತಂದ್ರ ಗ್ವಾಡಿ ಇನ್ನೂ ಬಿರಿಯಾಕತ್ತೈತಿ ಅಂತ ತಿಳೀರಿ," ಎಂದ. ಆಮೇಲೆ ಗೋಡೆಯ ಬುಡದಲ್ಲಿ ಕೂತು ಕುಡುಗೋಲಿನಿಂದ ಕೆದರಿದ. ಬೆರಳ ಗಾತ್ರದ ಬೇರುಗಳು, ಎಲ್ಲವೂ ವಜೂ ಕಲ್ಲಿನ ಕೆಳಗೆ.

ನನ್ನ ಯಜಮಾನರು ನಲವತ್ತು ವರ್ಷ ಆ ಕಲ್ಲಿನ ಮೇಲೆ ಕೂತೇ ನಮಾಜಿಗೆ ಮುಂಚೆ ಕೈಕಾಲು ತೊಳೆದುಕೊಂಡರು. ಆ ನೀರು ಗಟಾರಕ್ಕೆ ಸೇರಬಾರದೆಂದು ಅಲ್ಲೇ ಮಣ್ಣಿಗೆ ಇಂಗಿಸುತ್ತಿದ್ದೆವು. ಅವರು ಹೋದ ಮೇಲೆ ನಾನೂ ಹಾಗೇ ಮಾಡಿದೆ.

"ಚಾಚಿ, ಬೇರಿಗೆ ದಿನಾ ಐದ ಹೊತ್ತ ದಾವತ್ ಕೊಟ್ಟೀರಿ. ಬರದ ಏನ ಮಾಡ್ತಾವ್ರಿ?"

ನನಗೆ ಸಿಟ್ಟು ಬಂತು. "ನಮಾಜಿನ ನೀರಿನ್ಯಾಗ ತಪ್ಪ ಹುಡುಕಬ್ಯಾಡ. ಗಿಡಾ ಕಡೀತಿಯೋ ಇಲ್ಲೋ ಅಷ್ಟ ಹೇಳು."

"ಪೂರಾ ಕಡದ್ರ ಗ್ವಾಡಿ ಇನ್ನೊಂದ ಕಡೆ ಬಿರೀತೈತ್ರಿ. ಇದು ಎರಿಮಣ್ಣು. ನೀರ ಹೀರೂ ಗಿಡಾನ ಹೋತಂದ್ರ ಮಳಿಗಾಲದಾಗ ಉಬ್ಬಿ ಪಾಯಾ ಎತ್ತತೈತಿ. ವರ್ಷಾ ಬ್ಯಾಸಗಿ ಮೊದಲ ಮೂರರಾಗ ಒಂದ ಪಾಲು ಟೊಂಗಿ ಇಳಸ್ತೀನಿ. ನೀವು ಕಲ್ಲ ಗಿಡದ ಆ ಬಾಜೂಕ ಸರಸ್ರಿ."

ಕಲ್ಲು ಸರಿಸಲು ನನಗೆ ಮನಸ್ಸಾಗಲಿಲ್ಲ. ಯಜಮಾನರ ಹಿಮ್ಮಡಿ ಊರಿ ಅದರಲ್ಲಿ ತಗ್ಗು ಬಿದ್ದಿತ್ತು. ನಾಲ್ಕನೆಯ ವಾರ, ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ, ಟಪ್ ಎಂದು ಗಾಜು ಒಡೆಯಿತು. ಹಿಟ್ಟಿನ ಕೈಯಲ್ಲೇ ಹೋಗಿ ಸುಂದರಾಳನ್ನು ಕರೆತಂದೆ. ಇಬ್ಬರೂ ಸೇರಿ ಕಲ್ಲನ್ನು ಮರದ ಆಚೆ ಬದಿಗೆ ಉರುಳಿಸಿದೆವು.

ಮಲಕಾರಿ ಪಾಲಬಾವಿಯ ಕಡೆಯವನು. ಚಿಕ್ಕಂದಿನಲ್ಲಿ ಆಡು ಕಾಯುತ್ತ ಅವಕ್ಕೆ ಸೊಪ್ಪು ಕಡಿಯುತ್ತಿದ್ದನಂತೆ. ಒಮ್ಮೆ ಒಂದು ಜಾಲಿಯನ್ನು ಪೂರ್ತಿ ಬೋಳಿಸಿದ್ದಕ್ಕೆ ಅವನಪ್ಪ, "ಮುಂದಿನ ವರ್ಷ ಆಡಿಗೆ ನಿನ್ನ ತಲಿಗೂದಲಾ ಹಾಕ್ತಿಯೇನಲೇ?" ಎಂದು ಹೊಡೆದಿದ್ದನಂತೆ. ಪಂಚಾಯತಿಯಲ್ಲಿ ಅವನಿಗೆ ಕೆಲಸ ಕಲಿಸಿದವರು ಯಾರೂ ಇಲ್ಲ. ಯಾವ ಮನೆಗೆ ಯಾವ ಮರ ಹತ್ತಿರ, ಯಾವುದರ ಕೊಂಬೆ ಯಾವ ವರ್ಷ ಇಳಿಸಿದ್ದು, ಎಲ್ಲವೂ ಅವನ ತಲೆಯಲ್ಲೇ ಇತ್ತು.

ಕಲ್ಲು ಸರಿಸಿದ ಮೇಲೆ ಅವನು ಮೆತ್ತಿದ ಎರಡನೆಯ ಗಾಜಿಗೆ ಈಗ ಐದು ವರ್ಷ. ಇನ್ನೂ ಒಡೆದಿಲ್ಲ.

ಈ ಸಲ ಹೋಳಿ ಹಬ್ಬಕ್ಕೆ ಮುಂಚೆ ಬಂದಾಗ ಏಣಿ ಹತ್ತುವ ಶಕ್ತಿ ಅವನಲ್ಲಿರಲಿಲ್ಲ. ಕೆಳಗೆ ನಿಂತು ಬೇರೊಬ್ಬನಿಗೆ ಕೊಂಬೆ ತೋರಿಸಿದ. ಹದಿನೈದು ದಿನದಲ್ಲಿ ತೀರಿಕೊಂಡ ಸುದ್ದಿ ಬಂತು. ಕೊಂಬೆ ಇಳಿಸಲು ಬಂದ ಆ ಕೊನೆಯ ದಿನ ಚಹಾ ಕುಡಿದು, ಕೆಮ್ಮು ನಿಲ್ಲುವವರೆಗೆ ಕಾದು, ಹೇಳಿದ:

"ಮುಂದಿನ ವರ್ಷದಿಂದ ಗುತ್ತಿಗೆದಾರನ ಮಂದಿ ಬರತಾರ ಚಾಚಿ. ಅವರಿಗೆ ಲಗೂನ ಕೆಲಸ ಮುಗೀಬೇಕು, ಮಷಿನ್ ತಂದು ಬುಡಕ್ಕ ಹಚ್ಚತಾರ. ನೀವು ಬಾಗಲದಾಗ ನಿಂದರ್ರಿ. ಮೂರರಾಗ ಒಂದ ಪಾಲು ಅಷ್ಟ ಅನ್ರಿ. ಕೇಳಲಿಲ್ಲಂದ್ರ ಬೈರಿ. ಬೈತೀರಲ್ರಿ?"