ಎರಡು ಟ್ಯೂಬು, ಒಂದೇ ಎಂಜಲು

ಮನುಷ್ಯರೆಲ್ಲ ಆಫ್ರಿಕಾದಿಂದ ಬಂದವರು ಎಂಬ ಸಮಾಚಾರ ರಾಮಕೃಷ್ಣನಗರದ ನಮ್ಮ ಮನೆಗೆ ತಲುಪಿದ್ದು ಒಂದು ಭಾನುವಾರ, ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ. ತಂದವಳು ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ. ಯೂನಿವರ್ಸಿಟಿಯಲ್ಲಿ ಜೆನೆಟಿಕ್ಸ್ ರಿಸರ್ಚ್ ಮಾಡುತ್ತಾಳೆ. ನನ್ನನ್ನು ಆಂಟಿ ಎನ್ನುತ್ತಾಳೆ, ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕನನ್ನು ಅಜ್ಜಿ ಎನ್ನುತ್ತಾಳೆ. ಈ ಒಂದು ಕಾರಣಕ್ಕೆ ಅವಳು ಗೇಟು ತೆರೆದಿಟ್ಟು ಹೋದರೂ ನಾನು ಏನೂ ಅನ್ನುವುದಿಲ್ಲ.

“ನಾವು ಕಲ್ಯಾಣದಿಂದ ಬಂದೋರು ಕಣಮ್ಮ,” ಎಂದಳು ಅಕ್ಕ, ತಲೆ ಎತ್ತದೆ.

“ಅದಕ್ಕೂ ಮುಂಚೆ ಅಜ್ಜಿ.”

“ಅದಕ್ಕೂ ಮುಂಚೆ ಯಾರಿದ್ರು?”

ಹುಡುಗಿ ಮೊರದ ಪಕ್ಕದಲ್ಲೇ ಕೂತು ವಿವರಿಸಿದಳು. ಲಕ್ಷ ವರ್ಷಕ್ಕೂ ಹಿಂದೆ ಆಫ್ರಿಕಾದಲ್ಲಿದ್ದ ಒಬ್ಬ ಹೆಂಗಸಿನ ಹೆಣ್ಣುಸಂತತಿಯೇ ಈಗ ಲೋಕದಲ್ಲೆಲ್ಲ ಹರಡಿದೆಯಂತೆ. ಅವಳ ಸಂತತಿಯವರು ಕೆಲವರು ಅಲ್ಲಿಂದ ಹೊರಟು, ತಲೆಮಾರುಗಟ್ಟಲೆ ನಡೆದು, ಸಮುದ್ರದ ದಂಡೆ ಹಿಡಿದು ನಮ್ಮ ಕಡೆಗೂ ಬಂದರಂತೆ. ನಮ್ಮ ಮೈಯೊಳಗೆ ತಾಯಿಯಿಂದ ಮಾತ್ರ ಬರುವ ಒಂದು ಸಣ್ಣ ಎಳೆ ಇದೆ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರಿಂದ ಮುಂದಕ್ಕೆ ಹೋಗುವುದಿಲ್ಲ. ಆ ಎಳೆಯಲ್ಲಿ ಯಾವಾಗಲೋ ಒಮ್ಮೆ ಒಂದು ಚೂರು ಬದಲಾಗುತ್ತದೆ. ಆ ಬದಲಾವಣೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ಯಾರ ತಾಯಂದಿರು ಯಾವ ದಾರಿಯಲ್ಲಿ ಬಂದರು ಎಂದು ಹೇಳಬಹುದು.

“ನಡಕೊಂಡೇ ಬಂದ್ರಾ?”

“ನಡಕೊಂಡೇ.”

“ಮಕ್ಕಳನ್ನ ಎತ್ಕೊಂಡು? ಪಾಪ,” ಎಂದಳು ಕುವೆಂಪುನಗರದ ಸೊಪ್ಪಿನ ಅಂಗಡಿಗೂ ಆಟೋದಲ್ಲೇ ಹೋಗುವ ಅಕ್ಕ.

ನನಗೆ ಇದೆಲ್ಲ ಹೊಸದಲ್ಲ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಮೊದಲ ತಾಯಿ ಹಣ್ಣು ತಿಂದು ಕೆಟ್ಟಳು ಎಂದು ಕಲಿಸುತ್ತಿದ್ದರು. ಮುಂದಿನ ಪೀರಿಯಡ್ಡಿನಲ್ಲಿ ಬಯಾಲಜಿ ಮಿಸ್ ಕೋತಿಯ ಚಿತ್ರ ಬರೆಯುತ್ತಿದ್ದರು. ಮನೆಗೆ ಬಂದರೆ ಕಲ್ಯಾಣ. ನಾನು ಮೂರನ್ನೂ ನಂಬಿದೆ. ಮಾರ್ಕ್ಸ್ ಚೆನ್ನಾಗಿಯೇ ಬಂತು.

ಹುಡುಗಿ ಬಂದ ಕೆಲಸ ಆಮೇಲೆ ಹೊರಬಿತ್ತು. ಮೈಸೂರಿನ ಹಳೆಯ ಮನೆತನಗಳ ತಾಯಿಯ ಎಳೆಯನ್ನು ಅವಳು ನೋಡುತ್ತಿದ್ದಾಳೆ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು ಸಿಕ್ಕಿದರೆ, ಇಬ್ಬರದ್ದೂ ಒಂದೇ ರೀತಿ ಬರಬೇಕು. ಬಂದರೆ ಅವಳ ಕೆಲಸ ಸರಿಯಾಗಿದೆ ಎಂದು ಅರ್ಥ.

“ನಿಮ್ಮಿಬ್ಬರಷ್ಟು ಶ್ಯೂರ್ ಆಗಿರೋ ಅಕ್ಕತಂಗಿ ನಂಗೆ ಇನ್ನೆಲ್ಲಿ ಸಿಗ್ತಾರೆ ಆಂಟಿ?” ಎಂದು ನಕ್ಕು, ಎಂಜಲು ತುಂಬಲು ಎರಡು ಪ್ಲಾಸ್ಟಿಕ್ ಟ್ಯೂಬು ಇಟ್ಟು ಹೋದಳು. ಉಗಿಯುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು.

ಇಲ್ಲಿ ಒಂದು ವಿಷಯ ಹೇಳಬೇಕು. ಅಕ್ಕ ಮತ್ತು ನಾನು ಒಂದೇ ತಾಯಿಯ ಮಕ್ಕಳಲ್ಲ. ಅವಳ ತಾಯಿ ಅಪ್ಪಾಜಿಯ ಮೊದಲ ಹೆಂಡತಿ. ಅಕ್ಕನಿಗೆ ಐದು ವರ್ಷವಾಗಿದ್ದಾಗ ಹೋದರು. ಆಮೇಲೆ ಬಂದವರು ನನ್ನ ಅಮ್ಮ, ಬೇರೆ ಊರು, ಬೇರೆ ಮನೆತನ. ಅಮ್ಮ ಮನೆಯೊಳಗೆ ಬಂದ ದಿನದಿಂದ ಆ ಮಾತು ಎತ್ತಬಾರದೆಂದು ಅಪ್ಪಾಜಿ ಎಲ್ಲರಿಗೂ ಹೇಳಿದ್ದರಂತೆ. ಯಾರೂ ಎತ್ತಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಬ್ಬ ಸೋದರತ್ತೆ, ಮದುವೆಮನೆಯಲ್ಲಿ ಹೂವು ಕಟ್ಟುತ್ತಾ, “ಮಲತಂಗಿ ಅಂತ ನೋಡಲಿಲ್ಲ ಬುಡು ನಿಮ್ಮಕ್ಕ,” ಎಂದುಬಿಟ್ಟರು. ನಾನು ಮಲ್ಲಿಗೆ ಎತ್ತಿಕೊಡುತ್ತಲೇ ಇದ್ದೆ. ನನಗೆ ಗೊತ್ತಿದೆ ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಬಲ್ಲವರೆಲ್ಲ ಹೋಗಿ, ಗುಟ್ಟು ತನ್ನೊಬ್ಬಳ ಹತ್ತಿರ ಉಳಿದಿದೆ ಎಂದೇ ಅವಳು ತಿಳಿದಿದ್ದಳು.

ನನ್ನ ಅಮ್ಮ ಹೋದಾಗ ನನಗೆ ಹತ್ತು. ಆಮೇಲೆ ನನ್ನ ಎರಡು ಜಡೆ ಹೆಣೆದವಳು ಅಕ್ಕ. ಕಾನ್ವೆಂಟಿನ ರಿಬ್ಬನ್ ಸುಕ್ಕಾಗಿದ್ದರೆ ಮದರ್ ಸುಪೀರಿಯರ್ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು. ನಮ್ಮಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಅಕ್ಕ ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ, ಬಟ್ಟೆಯಲ್ಲಿ ಹಿಡಿದು, ರಿಬ್ಬನ್ ಮೇಲೆ ಉಜ್ಜುತ್ತಿದ್ದಳು. ಆ ರಿಬ್ಬನ್ ಕಟ್ಟಿಕೊಂಡು ನಾನು ಇಂಗ್ಲಿಷ್ ಕಲಿತೆ. ಅವಳು ಮದುವೆಯಾಗಲಿಲ್ಲ. ಕೇಳಿದರೆ, ಯಾರೂ ಕೇಳಲಿಲ್ಲ ಎನ್ನುತ್ತಾಳೆ. ಅದು ಸುಳ್ಳು.

ಟ್ಯೂಬುಗಳು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ ನಿಂತಿದ್ದವು. ಅಕ್ಕ ಅವುಗಳನ್ನು ಮುಟ್ಟಲಿಲ್ಲ. ಎಂಜಲು ಕೈಯಲ್ಲಿ ಬಾಗಿಲ ಚಿಲಕ ಮುಟ್ಟಿದರೂ ಸಹಿಸದವಳು ಅವಳು.

“ಎಂಜಲನ್ನ ಡಬ್ಬಿಗೆ ತುಂಬಿ ಕಳಿಸೋದಾ? ಏನು ಕರ್ಮಾನೋ,” ಎಂದಳು. ಮಾರನೇ ದಿನ, ಸಾರಿಗೆ ಒಗ್ಗರಣೆ ಹಾಕುತ್ತಾ, “ಅದ್ರಲ್ಲಿ ಏನೇನು ಗೊತ್ತಾಗುತ್ತಂತೆ?” ಎಂದು ಕೇಳಿದಳು.

“ಎಲ್ಲಿಂದ ಬಂದ್ವಿ ಅಂತ.”

“ಅಷ್ಟೇನಾ?”

“ತಾಯಿ ಕಡೇದು ಮಾತ್ರ ಅಂತೆ.”

ಒಗ್ಗರಣೆ ಸೀದುಹೋಯಿತು. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಒಗ್ಗರಣೆ ಸೀದದ್ದು ನನಗೆ ನೆನಪಿಲ್ಲ. ಅಂದು ರಾತ್ರಿ ಅವಳು ಮಜ್ಜಿಗೆ ಮಾತ್ರ ಕುಡಿದಳು.

ಹುಡುಗಿಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಆಗುವುದಿಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಅದನ್ನೇ ಹೇಳುವಂತಿರಲಿಲ್ಲವಲ್ಲ. ನಾನು ಎರಡೂ ಟ್ಯೂಬುಗಳನ್ನು ಬಚ್ಚಲುಮನೆಗೆ ತೆಗೆದುಕೊಂಡು ಹೋಗಿ ಎರಡಕ್ಕೂ ನಾನೇ ಉಗಿದೆ. ಒಂದೇ ತಾಯಿಯ ಮಕ್ಕಳು ಎಂದು ಬಂದರೆ ಎಲ್ಲರಿಗೂ ನೆಮ್ಮದಿ ಎಂಬುದು ನನ್ನ ಲೆಕ್ಕ. ಹೇಳುವಷ್ಟು ಸುಲಭವಲ್ಲ ಅದು. ಲೇಡೀಸ್ ಡೋಂಟ್ ಸ್ಪಿಟ್ ಎಂದು ಹತ್ತು ವರ್ಷ ಕಲಿಸಿದ್ದಾರೆ. ಮೊದಲ ಟ್ಯೂಬಿಗೆ ಮಾವಿನಕಾಯಿ ನೆನೆಸಿಕೊಂಡೆ. ಎರಡನೆಯದಕ್ಕೆ ಮಾವಿನಕಾಯಿ ಸಾಲಲಿಲ್ಲ, ಹುಣಸೆಹಣ್ಣನ್ನೂ ನೆನೆಸಿಕೊಳ್ಳಬೇಕಾಯಿತು. ಸಂಜೆ ಹುಡುಗಿ ಬಂದು ಎರಡನ್ನೂ ಒಯ್ದಳು. ಮೇಜು ಖಾಲಿಯಾದದ್ದನ್ನು ಅಕ್ಕ ನೋಡಿದಳು. ಕೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮಿಬ್ಬರಿಗೂ ಹಳೆಯ ಅಭ್ಯಾಸ.

ಕೆಲವು ವಾರಗಳ ಮೇಲೆ ಹುಡುಗಿ ಮೆಟ್ಟಿಲಿಳಿದು ನೇರ ಅಡುಗೆಮನೆ ಬಾಗಿಲಿಗೆ ಬಂದಳು.

“ಆಂಟಿ, ನೀವಿಬ್ಬರೂ ಟ್ವಿನ್ಸಾ?”

“ಇವಳು ಹುಟ್ಟಿದಾಗ ನಾನು ಎರಡನೇ ಕ್ಲಾಸು ಕಣಮ್ಮ,” ಎಂದಳು ಅಕ್ಕ.

“ಮತ್ತೆ ತಾಯಿ ಎಳೆ ಮಾತ್ರ ಅಲ್ಲ ಅಜ್ಜಿ, ಎಲ್ಲಾನೂ ಒಂದೇ ಬಂದಿದೆ. ಒಬ್ಬರದ್ದೇ ಎರಡು ಸಲ ಹಾಕ್ದಂಗಿದೆ. ನಾನೇ ಏನೋ ಮಿಕ್ಸ್ ಮಾಡಿರ್ಬೇಕು. ನಾಳೆ ಬೆಳಿಗ್ಗೆ ಹೊಸ ಟ್ಯೂಬ್ ತರ್ತೀನಿ, ಪ್ಲೀಸ್.”

ಪಾಪ, ತಪ್ಪನ್ನು ತನ್ನ ಮೇಲೇ ಹಾಕಿಕೊಂಡು ಹೋಯಿತು ಮಗು. ಮೈಯೊಳಗಿನದನ್ನೆಲ್ಲ ನೋಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಪಾತ್ರೆ ತೊಳೆಯಲು ಶುರುಮಾಡಿದೆ. ತೊಳೆದಿದ್ದ ಪಾತ್ರೆಗಳನ್ನೇ.

“ಎರಡಕ್ಕೂ ನೀನೇ ಉಗಿದ್ಯಾ?” ಎಂದಳು ಅಕ್ಕ.

“ನಿಂಗೆ ಎಂಜಲು ಅಂದ್ರೆ ಆಗಲ್ವಲ್ಲ.”

“ಎಂಜಲಿಗೋಸ್ಕರ ಉಗಿದ್ಯಾ?”

ನಾನು ಇನ್ನೊಂದು ಪಾತ್ರೆಗೆ ಕೈಹಾಕಿದೆ.

“ಯಾವತ್ತಿಂದ ಗೊತ್ತು ನಿಂಗೆ?”

“ಎಂಟನೇ ಕ್ಲಾಸಿಂದ.”

ಅಕ್ಕ ಸ್ಟೂಲಿನ ಮೇಲೆ ಕುಳಿತಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. “ಅಷ್ಟು ದಿನದಿಂದ! ಬಾಯಿಬಡುಕಿ ನೀನು, ಹೊಟ್ಟೇಲಿ ಹೆಂಗೆ ಇಟ್ಕೊಂಡ್ಯೇ?”

“ನೀನೂ ಹೇಳ್ಲಿಲ್ಲ.”

“ನಾನು ಹೆಂಗೆ ಹೇಳ್ಲಿ? ಒಡಹುಟ್ಟಿದೋಳಿಗೆ ಜಡೆ ಹಾಕಿದ್ರೆ ಅದು ಬರೀ ಜಡೆ ಕಣೆ. ಇದು ಗೊತ್ತಾದ್ರೆ ಉಪಕಾರ ಆಗ್ಬುಡುತ್ತೆ. ನೀನು ಥ್ಯಾಂಕ್ಸ್ ಅಂದ್ಬುಡ್ತೀಯ, ಕಾನ್ವೆಂಟೋಳು.”

“ಅಂದಿದ್ದೀನಾ?”

ಅಕ್ಕ ಯೋಚಿಸಿದಳು. “ಇಲ್ಲ. ಒಂದಿನಾನೂ ಅಂದಿಲ್ಲ. ಜಡೆ ಬಿಗಿಯಾಯ್ತು ಅಂತ ಬೈತಿದ್ದೆ.”

“ಬಿಗಿಯಾಗೇ ಇತ್ತು.”

“ಸಡಿಲ ಹಾಕಿದ್ರೆ ನಿಮ್ಮ ಮದರ್ರು ಬುಡ್ತಿದ್ರಾ?”

ಬೆಳಿಗ್ಗೆ ಅವಳು ಪೂಜೆ ಮುಗಿಸಿ ಕಾಫಿ ಬೆರೆಸಿದಳು. ತನ್ನ ಲೋಟದಿಂದ ಒಂದು ಗುಟುಕು ಕುಡಿದಳು, ಎತ್ತಿ ಕುಡಿಯದೆ ತುಟಿ ತಾಗಿಸಿಯೇ ಕುಡಿದಳು. ಆಮೇಲೆ ಆ ಲೋಟವನ್ನೇ ನನ್ನ ಕೈಗೆ ಕೊಟ್ಟಳು. ಹುಟ್ಟಿದಾಗಿನಿಂದ ಅವಳು ಯಾರ ಎಂಜಲನ್ನೂ ಮುಟ್ಟಿದವಳಲ್ಲ, ತನ್ನದನ್ನು ಯಾರಿಗೂ ಕೊಟ್ಟವಳಲ್ಲ. ನಾನು ಕುಡಿದೆ. ಸಕ್ಕರೆ ಕಡಿಮೆ ಇತ್ತು. ಥ್ಯಾಂಕ್ಸ್ ನಾಲಿಗೆಯ ತುದಿಗೆ ಬಂದಿತ್ತು. “ಸಕ್ಕರೆ ಕಡಿಮೆ,” ಎಂದೆ.

“ಕುಡಿ ಬಾಯಿಮುಚ್ಕೊಂಡು,” ಎಂದಳು.

ಅಷ್ಟರಲ್ಲಿ ಹುಡುಗಿ ಹೊಸ ಟ್ಯೂಬುಗಳನ್ನು ಹಿಡಿದು ಬಂದಳು.

“ನೋಡಮ್ಮ, ನಾವಿಬ್ಬರೂ ಒಂದೇ ತಾಯಿ ಮಕ್ಕಳಲ್ಲ,” ಎಂದಳು ಅಕ್ಕ, ಇವತ್ತು ನೀರು ಬಂದಿಲ್ಲ ಎನ್ನುವ ಧಾಟಿಯಲ್ಲಿ. “ನಮ್ಮಪ್ಪಾಜಿಗೆ ಇಬ್ಬರು ಹೆಂಡ್ರು. ನಿನ್ನ ಕೆಲಸಕ್ಕೆ ಬೇಡವಾದ್ರೆ ಬುಡು.”

“ಅಯ್ಯೋ ಅಜ್ಜಿ, ಬೇಕು! ಒಂದೇ ಮನೇಲಿ ಎರಡು ಎಳೆ!” ಅವಳ ಸಂತೋಷ ನೋಡಲು ನಾಚಿಕೆಯಾಗುವಷ್ಟಿತ್ತು. “ಈಗಲೇ ಕೊಟ್ಬಿಡ್ತೀರಾ?”

“ಈಗ ಆಗಲ್ಲ,” ಎಂದೆ. “ಕಾಫಿ ಕುಡಿದಿದ್ದೀವಿ.”

ಹುಡುಗಿ ಗಡಿಯಾರ ನೋಡಿ ಅರ್ಧ ಗಂಟೆ ಕಾಯಲು ಕುಳಿತಳು. ಅಕ್ಕ ಅವಳ ಮುಂದೆ ಮೊರ ಇಟ್ಟು, ಸುಮ್ಮನೆ ಕೂರುವ ಬದಲು ಹುರುಳಿಕಾಯಿ ನಾರು ತೆಗಿ ಎಂದಳು.